ಹತ್ತನೆಯ ತರಗತಿಯ ಆಚೆ: ನಾಲ್ಕು ಊರು, ಹಲವು ಬಾಗಿಲು



ಪ್ರತಿ ವರ್ಷ ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದ ಮೇಲೆ ಹೊಸಪೇಟೆಯ ಯಾವ ಓಣಿಗೆ ಹೋದರೂ, ಕಂಪ್ಲಿಯ ಯಾವ ಕಟ್ಟೆಯ ಮೇಲೆ ಕುಳಿತರೂ ಕೇಳಿಬರುವ ಪ್ರಶ್ನೆ ಒಂದೇ: “ಮುಂದೇನು ಮಾಡಿಸ್ತೀರಿ?” ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡೇ ಉತ್ತರ. ಅಂಕ ಚೆನ್ನಾಗಿ ಬಂದಿದ್ದರೆ “ಸೈನ್ಸ್ ಕೊಡಿಸ್ತೀವಿ” ಎನ್ನುತ್ತಾರೆ. ಬಾರದಿದ್ದರೆ “ಏನಾದರೂ ಕೆಲಸ ಕಲೀಲಿ ಬಿಡ್ರಿ” ಎನ್ನುತ್ತಾರೆ. ಮೊದಲನೆಯ ಉತ್ತರ ಹೇಳುವಾಗ ತಂದೆ ತಾಯಿಯರ ದನಿ ಏರುತ್ತದೆ. ಎರಡನೆಯದನ್ನು ಹೇಳುವಾಗ ತಗ್ಗುತ್ತದೆ. ಪಕ್ಕದಲ್ಲಿ ನಿಂತ ಹುಡುಗ ಅಥವಾ ಹುಡುಗಿ ಆ ತಗ್ಗಿದ ದನಿಯನ್ನು ಚೆನ್ನಾಗಿಯೇ ಕೇಳಿಸಿಕೊಳ್ಳುತ್ತಾರೆ.

ಇಂದಿನ ನನ್ನ ಮಾತು ಆ ತಗ್ಗಿದ ದನಿಯನ್ನು ಕುರಿತದ್ದು. ಓದು ಮತ್ತು ಕೆಲಸ ಎಂಬುವು ಮೇಲಿನದು ಕೆಳಗಿನದು ಎಂಬ ಎರಡು ಜಾತಿಗಳಲ್ಲ. ಅವು ಒಂದೇ ಏಣಿಯ ಎರಡು ಕಾಲುಗಳು. ಯಾವ ಕೋರ್ಸನ್ನೇ ಆಗಲಿ ಅದರ ಹೆಸರಿನಿಂದ ಅಳೆಯಬಾರದು, ಅದು ಮುಂದೆ ಯಾವ ಬಾಗಿಲನ್ನು ತೆರೆಯುತ್ತದೆ ಎಂಬುದರಿಂದ ಅಳೆಯಬೇಕು. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಎಂಬ ನಾಲ್ಕು ಊರುಗಳನ್ನು ಉದಾಹರಣೆಯಾಗಿಟ್ಟುಕೊಂಡು ಈ ಮಾತನ್ನು ಪರಿಶೀಲಿಸೋಣ.

ಮೊದಲು ‘ಸಮುದಾಯ ಕಾಲೇಜು’ ಎಂಬ ಕಲ್ಪನೆಯನ್ನು ತಿಳಿದುಕೊಳ್ಳುವುದು ಅವಶ್ಯಕ. ಅಮೆರಿಕೆಯ ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿ 1901ರಲ್ಲಿ ಕೇವಲ ಆರು ಮಂದಿ ವಿದ್ಯಾರ್ಥಿಗಳೊಂದಿಗೆ ಒಂದು ಕಿರಿಯ ಕಾಲೇಜು ಪ್ರಾರಂಭವಾಯಿತು. ಊರಿನ ಮಕ್ಕಳು ದೂರದ ವಿಶ್ವವಿದ್ಯಾನಿಲಯಕ್ಕೆ ಹೋಗದೆ ಮನೆಯಿಂದಲೇ ಓಡಾಡಿಕೊಂಡು ಎರಡು ವರ್ಷದ ಓದನ್ನು ಮುಗಿಸಲಿ ಎಂಬುದು ಅದರ ಉದ್ದೇಶ. ಕಾಲ ಕಳೆದಂತೆ ಇಂಥ ಕಾಲೇಜುಗಳಲ್ಲಿ ಗಣಿತ, ಇತಿಹಾಸದ ಪಕ್ಕದ ಕೋಣೆಯಲ್ಲೇ ವೆಲ್ಡಿಂಗ್, ಶುಶ್ರೂಷೆ, ಲೆಕ್ಕಪತ್ರ, ಮೋಟಾರು ದುರಸ್ತಿಗಳೂ ಬಂದು ಕುಳಿತವು. ಹದಿನೆಂಟರ ಹುಡುಗನ ಪಕ್ಕದ ಬೆಂಚಿನಲ್ಲಿ ನಲವತ್ತರ ಗೃಹಿಣಿಯೂ ಕುಳಿತಳು. ನಮ್ಮ ದೇಶದಲ್ಲಿ ಈ ಪ್ರಯೋಗ ತೊಂಬತ್ತರ ದಶಕದ ನಡುವಿನಲ್ಲಿ ಪಾಂಡಿಚೇರಿ ಮತ್ತು ಮದರಾಸುಗಳಲ್ಲಿ ಮೊದಲಾಯಿತು. ಮುಂದೆ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ದೇಶದ ಹಲವು ಕಾಲೇಜುಗಳಲ್ಲಿ ಸಮುದಾಯ ಕಾಲೇಜು ಯೋಜನೆಯನ್ನು ಜಾರಿಗೆ ತಂದಿತು. ‘ಬಿ.ವೊಕ್.’ ಎಂಬ ವೃತ್ತಿ ಪದವಿಯನ್ನೂ ರೂಪಿಸಿತು.

ಈ ಪದವಿಯ ಒಳರಚನೆ ಗಮನಿಸತಕ್ಕದ್ದು. ಕಲಿಕೆಯ ನೂರು ಪಾಲಿನಲ್ಲಿ ಅರವತ್ತು ಪಾಲು ಕೈಯ ಕೌಶಲಕ್ಕೆ, ನಲವತ್ತು ಪಾಲು ಭಾಷೆ, ಲೆಕ್ಕ, ಸಾಮಾನ್ಯ ಜ್ಞಾನಗಳಂಥ ಓದಿಗೆ ಮೀಸಲು. ಆರು ತಿಂಗಳು ಮುಗಿಸಿದರೆ ಒಂದು ಪ್ರಮಾಣಪತ್ರ, ಒಂದು ವರ್ಷಕ್ಕೆ ಡಿಪ್ಲೊಮಾ, ಎರಡು ವರ್ಷಕ್ಕೆ ಉನ್ನತ ಡಿಪ್ಲೊಮಾ, ಮೂರು ವರ್ಷಕ್ಕೆ ಪದವಿ. ಮನೆಯಲ್ಲಿ ಕಷ್ಟ ಬಂದು ಒಂದು ವರ್ಷಕ್ಕೇ ನಿಲ್ಲಿಸಿದವನು ಬರಿಗೈಯಲ್ಲಿ ಹೋಗುವುದಿಲ್ಲ. ಒಂದು ಕಾಗದ ಹಿಡಿದೇ ಹೋಗುತ್ತಾನೆ. ಬಿಟ್ಟ ಮೆಟ್ಟಿಲಿನಿಂದ ಮುಂದೆ ಹತ್ತುವ ಅವಕಾಶವನ್ನೂ ಉಳಿಸಿಕೊಂಡಿರುತ್ತಾನೆ. ಸಮುದಾಯ ಕಾಲೇಜಿನ ತಿರುಳು ಇದೇ: ಹತ್ತಿರದ ಕಲಿಕೆ, ಕೆಲಸದೊಡನೆ ಬೆರೆತ ಓದು, ನಡುವೆ ನಿಂತರೂ ನಷ್ಟವಾಗದ ಮೆಟ್ಟಿಲುಗಳು.

ಇನ್ನು ನಮ್ಮ ನಾಲ್ಕು ಊರುಗಳಿಗೆ ಬರೋಣ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ಮೇಲೆ ಹೊಸಪೇಟೆ ಮತ್ತು ಹಂಪಿ ಆ ಜಿಲ್ಲೆಗೆ ಸೇರಿದವು. ಸಂಡೂರು, ಕಂಪ್ಲಿಗಳು ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಜಿಲ್ಲೆ ಎರಡಾದರೂ ಬದುಕು ಒಂದೇ. ಬೆಳಿಗ್ಗೆ ಬಸ್ಸು ಹತ್ತಿದರೆ ಈ ಊರಿನಿಂದ ಆ ಊರಿಗೆ ಹೋಗಿ ಸಂಜೆ ಮನೆಗೆ ಹಿಂತಿರುಗಬಹುದು. ಇಲ್ಲಿ ಒಂದು ಅಣೆಕಟ್ಟೆಯಿದೆ, ಒಂದು ಗಣಿನಾಡಿದೆ, ಲೋಕವೇ ಬಂದು ನೋಡುವ ಹಾಳುಪಟ್ಟಣವಿದೆ, ಭತ್ತದ ಗದ್ದೆಗಳಿವೆ. ಈ ನಾಲ್ಕೂ ನಾಲ್ಕು ದೊಡ್ಡ ಪಾಠಶಾಲೆಗಳೇ. ಕಲಿಕೆಯ ಬಾಗಿಲುಗಳು ಬೇರೆ ಬೇರೆ ಸೂರುಗಳ ಕೆಳಗೆ ಹರಡಿಕೊಂಡಿವೆ. ಅವನ್ನು ಒಟ್ಟಿಗೆ ಇಟ್ಟು ನೋಡುವ ಅಭ್ಯಾಸ ನಮಗಿರಬೇಕು.

ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯಿಂದಲೇ ಪ್ರಾರಂಭಿಸೋಣ. 1953ರಲ್ಲಿ ನೀರು ನಿಲ್ಲಿಸಿದ ಈ ಜಲಾಶಯಕ್ಕೆ 33 ಕ್ರೆಸ್ಟ್ ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೆಯ ಗೇಟಿನ ಚೈನ್ ತುಂಡಾಗಿ ಗೇಟು ನೀರಿನಲ್ಲಿ ಕೊಚ್ಚಿಹೋಯಿತು. ಆಗತಾನೇ ತುಂಬಿ ನಿಂತಿದ್ದ ಜಲಾಶಯದ ನೀರು ಹೊರಗೆ ನುಗ್ಗಿತು. ಕರ್ನಾಟಕ, ಆಂಧ್ರ, ತೆಲಂಗಾಣಗಳ ರೈತರು ಉಸಿರು ಬಿಗಿಹಿಡಿದು ಕುಳಿತ ದಿನಗಳು ಅವು.

ಆ ಗೇಟಿನ ಅಳತೆ ಅಗಲ 60 ಅಡಿ, ಎತ್ತರ 20 ಅಡಿ. ವಿಜ್ಞಾನ ಓದಿದ ಅಭ್ಯಾಸಬಲದಿಂದ ಒಂದು ಸಣ್ಣ ಲೆಕ್ಕ ಮುಂದಿಡುತ್ತೇನೆ, ಬೇಸರಿಸಬೇಡಿ. ನೀರು ಗೇಟಿನ ಮೇಲಂಚಿನವರೆಗೂ ನಿಂತಿದೆ ಎಂದಿಟ್ಟುಕೊಳ್ಳಿ. ಮೇಲಂಚಿನಲ್ಲಿ ನೀರಿನ ಒತ್ತಡ ಸೊನ್ನೆ. ಬುಡದಲ್ಲಿ, ಸುಮಾರು ಆರು ಮೀಟರ್ ಆಳದಲ್ಲಿ, ಪ್ರತಿ ಚದರ ಮೀಟರಿಗೆ ಆರು ಟನ್ನಿನಷ್ಟು. ಸರಾಸರಿ ಮೂರು ಟನ್ನಿಗೆ ತುಸು ಹೆಚ್ಚು. ಗೇಟಿನ ಹರವು ಸುಮಾರು 111 ಚದರ ಮೀಟರ್. ಗುಣಿಸಿದರೆ ಒಂದು ಗೇಟಿನ ಮೇಲೆ ಬೀಳುವ ತಳ್ಳು ಸುಮಾರು 340 ಟನ್! ನೀರಿನ ಮಟ್ಟ ಅರ್ಧಕ್ಕೆ ಇಳಿದರೆ ಈ ತಳ್ಳು ಅರ್ಧವಾಗುವುದಿಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. ಏಕೆಂದರೆ ಆಗ ಒತ್ತಡವೂ ಅರ್ಧ, ನೀರು ತಾಗುವ ಹರವೂ ಅರ್ಧ. ಉಳಿದ ಗೇಟುಗಳನ್ನೂ ತೆರೆದು ನೀರು ಹೊರಬಿಟ್ಟದ್ದರ ಹಿಂದಿನ ತರ್ಕ ಈ ಲೆಕ್ಕದಲ್ಲಿದೆ.

ಆದರೆ ಲೆಕ್ಕದಿಂದ ಮಾತ್ರ ಗೇಟು ಕೂರುವುದಿಲ್ಲ. ಗೇಟುಗಳ ಕೆಲಸದಲ್ಲಿ ಪಳಗಿದ ನಿವೃತ್ತ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ನೀರು ಹರಿಯುತ್ತಿರುವಾಗಲೇ, ತಾತ್ಕಾಲಿಕ ಸ್ಟಾಪ್‌ಲಾಗ್ ಗೇಟನ್ನು ಭಾಗ ಭಾಗವಾಗಿ ಇಳಿಸಲಾಯಿತು. ಒಂದು ವಾರದೊಳಗೆ ನೀರು ನಿಂತಿತು. ಉಕ್ಕಿನ ಹಲಗೆ ಕತ್ತರಿಸಿದವರು, ಬೆಸುಗೆ ಹಾಕಿದವರು, ಕ್ರೇನಿನ ಸನ್ನೆಗೋಲು ಹಿಡಿದವರು, ಹಗ್ಗ ಬಿಗಿದವರು ಹಗಲು ರಾತ್ರಿ ದುಡಿದರು. ಆ ಗೇಟಿನ ಭಾಗಗಳು ಸಿದ್ಧವಾದದ್ದು ಬಹುಮಟ್ಟಿಗೆ ಈ ಸೀಮೆಯ ವರ್ಕ್‌ಷಾಪುಗಳಲ್ಲೇ. ನೀರಿನ ಬಲ ಎಷ್ಟೆಂದು ತಿಳಿದ ಎಂಜಿನಿಯರೂ, ಆ ಬಲಕ್ಕೆ ಬಿಡದ ಬೆಸುಗೆ ಹಾಕಬಲ್ಲ ವೆಲ್ಡರೂ ಒಟ್ಟಿಗೆ ಇದ್ದುದರಿಂದ ಕೆಲಸವಾಯಿತು. ಇವರಲ್ಲಿ ಒಬ್ಬರಿಲ್ಲದಿದ್ದರೂ ಜಲಾಶಯ ಬರಿದಾಗುತ್ತಿತ್ತು. ಹಳೆಯ 33 ಗೇಟುಗಳನ್ನೂ ಬದಲಿಸುವ ತೀರ್ಮಾನ ಮುಂದೆ ಆಯಿತು. ಅಂದಮೇಲೆ ಇಂಥ ಕೈಗಳಿಗೂ ಇಂಥ ತಲೆಗಳಿಗೂ ಕೆಲಸ ಮುಗಿದಿಲ್ಲ.

ಈ ಕೈಗಳು ಎಲ್ಲಿ ತಯಾರಾಗುತ್ತವೆ? ಮೊದಲನೆಯ ಬಾಗಿಲು ಐ.ಟಿ.ಐ. ಕುಶಲಕರ್ಮಿಗಳ ತರಬೇತಿ ಯೋಜನೆ ನಮ್ಮ ದೇಶದಲ್ಲಿ 1950ರಷ್ಟು ಹಳೆಯದು. ಫಿಟ್ಟರ್, ಎಲೆಕ್ಟ್ರಿಷಿಯನ್ ವೃತ್ತಿಗಳಿಗೆ ಹತ್ತನೆಯ ತರಗತಿಯ ಮೇಲೆ ಎರಡು ವರ್ಷ. ವೆಲ್ಡರ್ ವೃತ್ತಿಗೆ ಒಂದೇ ವರ್ಷ, ಎಂಟನೆಯ ತರಗತಿ ಪಾಸಾದವರಿಗೂ ಅವಕಾಶವಿದೆ. ಅಂದರೆ ಎಸ್.ಎಸ್.ಎಲ್.ಸಿ.ಯಲ್ಲಿ ಎಡವಿದವನಿಗೂ ಬಾಗಿಲು ಮುಚ್ಚಿಲ್ಲ. 2022ರ ಜೂನ್ ತಿಂಗಳಲ್ಲಿ ರಾಜ್ಯದ 150 ಸರ್ಕಾರಿ ಐ.ಟಿ.ಐ.ಗಳನ್ನು ಹೊಸ ಯಂತ್ರೋಪಕರಣಗಳೊಂದಿಗೆ ಮೇಲ್ದರ್ಜೆಗೆ ಏರಿಸಿ ನಾಡಿಗೆ ಅರ್ಪಿಸಲಾಯಿತು. ಎರಡನೆಯ ಬಾಗಿಲು ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ. 1972ರಲ್ಲಿ ಡೆನ್ಮಾರ್ಕ್ ದೇಶದ ನೆರವಿನಿಂದ ಬೆಂಗಳೂರಿನಲ್ಲಿ ಮೊದಲಾದ ಈ ಸಂಸ್ಥೆಯ ಕೇಂದ್ರ ಹೊಸಪೇಟೆಯಲ್ಲೂ ಇದೆ. ಇದರ ಟೂಲ್ ಅಂಡ್ ಡೈ ಡಿಪ್ಲೊಮಾದಲ್ಲಿ ಮೂರು ವರ್ಷ ಸಂಸ್ಥೆಯಲ್ಲಿ ಕಲಿಕೆ, ಒಂದು ವರ್ಷ ಕಡ್ಡಾಯವಾಗಿ ಕಾರ್ಖಾನೆಯಲ್ಲಿ ಕಲಿಕೆ. ಮೂರನೆಯ ಬಾಗಿಲು ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ.

ಇನ್ನು ಓದಿನ ಬಾಗಿಲುಗಳು. ವಿಜಯನಗರ ಕಾಲೇಜು, ಥಿಯಸಾಫಿಕಲ್ ಮಹಿಳಾ ಕಾಲೇಜು, ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಪ್ರೌಢದೇವರಾಯ ತಾಂತ್ರಿಕ ಸಂಸ್ಥೆ ಇವೆಲ್ಲವೂ ಹೊಸಪೇಟೆಯಲ್ಲೇ ಇವೆ. ಈ ಎರಡು ಬಗೆಯ ಬಾಗಿಲುಗಳ ನಡುವೆ ಗೋಡೆಯಿದೆ ಎಂದು ಬಹುಮಂದಿ ತಿಳಿದಿದ್ದಾರೆ. ಇಲ್ಲಿ ಇನ್ನೊಂದು ಲೆಕ್ಕ ಹಾಕೋಣ. ಪಿ.ಯು.ಸಿ. ಎರಡು ವರ್ಷ, ಬಿ.ಇ. ನಾಲ್ಕು ವರ್ಷ, ಒಟ್ಟು ಆರು. ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷ ಓದಿದವರು ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಬಿ.ಇ. ಎರಡನೆಯ ವರ್ಷಕ್ಕೆ ಸೇರಬಹುದು. ಮೂರಕ್ಕೆ ಮೂರು ಸೇರಿ ಅದೂ ಆರೇ. ಎರಡು ವರ್ಷದ ಐ.ಟಿ.ಐ. ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರಬಹುದು. ಎರಡು, ಎರಡು, ಮೂರು ಕೂಡಿದರೆ ಏಳು ವರ್ಷ. ಅಂದರೆ “ಇವನ ಕೈಲಿ ಆಗೋದಿಲ್ಲ” ಎಂದು ಐ.ಟಿ.ಐ.ಗೆ ಕಳಿಸಿದ ಹುಡುಗನೂ, “ಇವನು ಜಾಣ” ಎಂದು ಪಿ.ಯು.ಸಿ.ಗೆ ಕಳಿಸಿದ ಹುಡುಗನೂ ಒಂದೇ ಪದವಿಯ ಕಾಗದ ಪಡೆಯುವುದರ ನಡುವಿನ ಅಂತರ ಒಂದೇ ಒಂದು ವರ್ಷ! ಆ ಒಂದು ವರ್ಷಕ್ಕೆ ಬದಲಾಗಿ ಮೊದಲನೆಯವನ ಕೈಯಲ್ಲಿ ಎರಡು ಬಗೆಯ ಕೆಲಸದ ಪ್ರಮಾಣಪತ್ರಗಳಿರುತ್ತವೆ. ಇದು ಎಲ್ಲರಿಗೂ ಸುಲಭವೆಂದು ಹೇಳುತ್ತಿಲ್ಲ. ಐ.ಟಿ.ಐ.ಯಿಂದ ಹೋದವನಿಗೆ ಗಣಿತ ಕಷ್ಟವಾಗುತ್ತದೆ, ಶ್ರಮ ಪಡಬೇಕು. ಆದರೆ ದಾರಿ ಇದೆ ಎಂಬುದನ್ನಾದರೂ ಹತ್ತನೆಯ ತರಗತಿಯ ಮಗುವಿಗೆ ಹೇಳಬೇಕಲ್ಲವೇ?

ಹೊಸಪೇಟೆಯಿಂದ ಸಂಡೂರಿನ ಕಡೆಗೆ ಹೊರಟರೆ ಮಣ್ಣಿನ ಬಣ್ಣವೇ ಕೆಂಪಾಗುತ್ತದೆ. ಕಬ್ಬಿಣದ ಅದಿರಿನ ನಾಡು ಅದು. ಇಲ್ಲಿನ ಕಥೆ ಕಲಿಕೆಯ ದೃಷ್ಟಿಯಿಂದ ನಮಗೆಲ್ಲ ಎಚ್ಚರಿಕೆಯ ಗಂಟೆ. ಈ ಶತಮಾನದ ಮೊದಲ ದಶಕದಲ್ಲಿ ಅದಿರಿಗೆ ಬೇಡಿಕೆ ಏರಿದಾಗ ಲಾರಿ ಓಡಿಸಲು, ಅದಿರು ತುಂಬಲು, ತೂಕದ ಚೀಟಿ ಬರೆಯಲು ಹುಡುಗರು ಓದು ಬಿಟ್ಟು ಓಡಿದರು. ಕೈತುಂಬ ಹಣವೂ ಬಂದಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆಯಾಜ್ಞೆ ನೀಡಿತು. ಪರಿಸರ ಮತ್ತು ಕಾನೂನಿನ ದೃಷ್ಟಿಯಿಂದ ಆ ಆಜ್ಞೆಗೆ ಬಲವಾದ ಕಾರಣಗಳಿದ್ದವು. ಆದರೆ ಲಾರಿಗಳು ಸಾಲುಸಾಲಾಗಿ ನಿಂತವು, ಸಾಲದ ಕಂತುಗಳು ನಿಲ್ಲಲಿಲ್ಲ. ಮುಂದೆ ಷರತ್ತುಗಳೊಂದಿಗೆ, ಉತ್ಪಾದನೆಗೆ ಮಿತಿ ಹಾಕಿ, ಹಂತಹಂತವಾಗಿ ಗಣಿಗಳು ತೆರೆದವು. ಈ ನಡುವೆ ಯಾರು ಹೆಚ್ಚು ಬಳಲಿದರು ಎಂದು ಯೋಚಿಸಿ. ಡೀಸೆಲ್ ಎಂಜಿನ್ ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಬೇರೆ ಊರಿನಲ್ಲಿ ಗ್ಯಾರೇಜು ಹುಡುಕಿಕೊಳ್ಳಬಲ್ಲ. ಎಲೆಕ್ಟ್ರಿಷಿಯನ್ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲೋ ಗಾಳಿಯಂತ್ರದ ಬುಡದಲ್ಲೋ ಕೆಲಸ ಕೇಳಬಲ್ಲ. ಅದಿರಿನ ಅಬ್ಬರಕ್ಕೆ ಮಾತ್ರ ಹೊಂದುವ ಕೆಲಸ ಮಾಡಿಕೊಂಡಿದ್ದವನಿಗೆ ಹೋಗಲು ಜಾಗವಿರಲಿಲ್ಲ. ಒಂದು ಊರಿನಲ್ಲಿ ಕಲಿತದ್ದು ಇನ್ನೊಂದು ಊರಿನಲ್ಲೂ ಚಲಾವಣೆಯಾಗಬೇಕು. ಕಲಿಕೆಯ ಕಾಗದಕ್ಕಿರುವ ಬೆಲೆ ಅದೇ.

ಅದೇ ಸಂಡೂರಿನಲ್ಲಿ ಗಣಿಯ ಇನ್ನೊಂದು ಮುಖವನ್ನು ಕಲಿಸುವ ಬಾಗಿಲೂ ಇದೆ. ಯಶವಂತನಗರದ ಸಂಡೂರು ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಇದೆ. ನಂದಿಹಳ್ಳಿಯಲ್ಲಿರುವ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರದಲ್ಲಿ ಖನಿಜ ಸಂಸ್ಕರಣೆಯ ಅಧ್ಯಯನವಿದೆ. ಖನಿಜ ಸಂಸ್ಕರಣೆ ಎಂದರೆ ಏನು? ಅಕ್ಕಿಯಲ್ಲಿನ ಕಲ್ಲನ್ನು ಮೊರದಿಂದ ಕೇರಿ ತೆಗೆಯುವ ಕೆಲಸವನ್ನೇ ದೊಡ್ಡ ಪ್ರಮಾಣದಲ್ಲಿ ಮಾಡುವುದು. ಅದಿರನ್ನು ಪುಡಿಮಾಡಿ, ನೀರಿನಲ್ಲಿ ತೊಳೆದು, ತೂಕದ ವ್ಯತ್ಯಾಸದಿಂದಲೋ ಕಾಂತದ ಸೆಳೆತದಿಂದಲೋ ಕಬ್ಬಿಣದ ಅಂಶವನ್ನು ಮಣ್ಣಿನಿಂದ ಬೇರ್ಪಡಿಸುವುದು. ಒಂದು ಕಾಲಕ್ಕೆ ಬೇಡವೆಂದು ಗುಡ್ಡೆ ಹಾಕಿದ ಕೆಳದರ್ಜೆಯ ಅದಿರೂ ಇದರಿಂದ ಬಳಕೆಗೆ ಬರುತ್ತದೆ. ಅಗೆಯುವುದಕ್ಕೆ ಮಿತಿ ಬಿದ್ದಾಗ ಅಗೆದದ್ದನ್ನು ಚೆನ್ನಾಗಿ ಬಳಸುವ ಜಾಣ್ಮೆಗೆ ಬೆಲೆ ಹೆಚ್ಚುತ್ತದೆ. ಲಾರಿ ಚಾಲಕನ ಮಗಳು ಬಿ.ಎಸ್‌ಸಿ. ಮುಗಿಸಿ ಈ ವಿದ್ಯೆ ಕಲಿತರೆ ಅದೇ ಗುಡ್ಡದ ಅದಿರನ್ನು ಬೇರೆಯೇ ಕಣ್ಣಿನಿಂದ ನೋಡಬಲ್ಲಳು.

ಸಂಡೂರಿನ ಇನ್ನೊಂದು ಸಂಪತ್ತು ಲಂಬಾಣಿ ಕಸೂತಿ. ಕನ್ನಡಿ, ಕವಡೆ, ಬಣ್ಣದ ದಾರಗಳಿಂದ ತಾಂಡಾಗಳ ಹೆಣ್ಣುಮಕ್ಕಳು ಹಾಕುವ ಈ ಕಸೂತಿಯಲ್ಲಿ ಹಲವು ಬಗೆಯ ಹೊಲಿಗೆಗಳಿವೆ. ತಾಯಿಯಿಂದ ಮಗಳು ಕಲಿಯುವ ವಿದ್ಯೆ ಇದು. ಸಂಡೂರು ಕುಶಲಕಲಾ ಕೇಂದ್ರ ಈ ವಿದ್ಯೆಯನ್ನು ಮಾರುಕಟ್ಟೆಯವರೆಗೆ ತಂದಿತು. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರಕಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಸಭೆ ನಡೆದಾಗ 1,755 ಲಂಬಾಣಿ ಕಸೂತಿ ವಸ್ತುಗಳನ್ನು ಒಂದೆಡೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಲಾಯಿತು. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದಿದೆ. ಸೂಜಿ ಹಿಡಿದ ಆ ತಾಯಿಗೆ ತನ್ನ ಬಟ್ಟೆಯ ಬೆಲೆ ಕಟ್ಟಲು ಬರುತ್ತದೆಯೇ? ದಾರಕ್ಕೆ ಎಷ್ಟು, ದಿನಗೂಲಿ ಎಷ್ಟು, ಸಾಗಣೆಗೆ ಎಷ್ಟು, ಲಾಭ ಎಷ್ಟು ಎಂಬ ಲೆಕ್ಕ ಆಕೆಯ ಕೈಯಲ್ಲಿರಬೇಕು. ಅರವತ್ತು ಪಾಲು ಕೌಶಲ ಆಕೆಗೆ ಆಗಲೇ ಇದೆ. ಕಲಿಯಬೇಕಾದದ್ದು ಉಳಿದ ನಲವತ್ತು ಪಾಲು. ಸಮುದಾಯ ಕಾಲೇಜಿನ ಮಾದರಿಯ ಕಲಿಕೆ ಮಕ್ಕಳಿಗೆ ಮಾತ್ರವಲ್ಲ, ಇಂಥ ತಾಯಂದಿರಿಗೂ ಬೇಕು ಎಂದು ಹೇಳುವುದು ಇದಕ್ಕಾಗಿಯೇ.

ಹಂಪಿಗೆ ಬಂದರೆ ಕಲ್ಲೇ ಪುಸ್ತಕ. 1986ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಊರಿನಲ್ಲಿ ಯಾವ ಯಾವ ವೃತ್ತಿಗಳಿವೆ ಎಂದು ಎಣಿಸಿ ನೋಡಿ. ಪ್ರವಾಸಿ ಮಾರ್ಗದರ್ಶಿ, ಹೋಟೆಲು, ಅಡಿಗೆ, ವಾಹನ, ಛಾಯಾಗ್ರಹಣ, ಹರಿಗೋಲು, ಕೈಕಸುಬಿನ ಅಂಗಡಿ. ಇವಿಷ್ಟೇ ಅಲ್ಲ. ಬಿರುಕು ಬಿಟ್ಟ ಕಂಬಕ್ಕೆ ಆಸರೆ ಕೊಡುವ ಕಲ್ಲುಕುಟಿಗ, ಯಾವ ಗಾರೆ ಹಳೆಯ ಕಲ್ಲಿಗೆ ಹೊಂದುತ್ತದೆ ಎಂದು ಹೇಳುವ ರಸಾಯನಶಾಸ್ತ್ರಜ್ಞ, ಬಂಡೆಯ ಮೇಲಿನ ಬರಹವನ್ನು ಓದುವ ಶಾಸನತಜ್ಞ, ಆರುನೂರು ವರ್ಷದ ಹಿಂದಿನ ಕಾಲುವೆ ಇಂದಿಗೂ ಹರಿಯುವ ಬಗೆಯನ್ನು ಅಳೆಯುವ ಸರ್ವೇಯರ್ ಇವರೆಲ್ಲರೂ ಹಂಪಿಗೆ ಬೇಕು. ಪಕ್ಕದ ವಿದ್ಯಾರಣ್ಯದಲ್ಲಿ 1991ರಲ್ಲಿ ಸ್ಥಾಪನೆಯಾದ ಕನ್ನಡ ವಿಶ್ವವಿದ್ಯಾಲಯವಿದೆ. ಡಾ. ಚಂದ್ರಶೇಖರ ಕಂಬಾರರು ಅದರ ಮೊದಲ ಕುಲಪತಿಗಳಾಗಿದ್ದರು. ಸಂಶೋಧನೆಗೆಂದು ಹುಟ್ಟಿದ ಈ ವಿಶ್ವವಿದ್ಯಾಲಯದಲ್ಲಿ ಶಾಸನ, ಪ್ರಾಚೀನ ಇತಿಹಾಸ, ಸಂಗೀತ, ಶಿಲ್ಪಗಳ ಅಧ್ಯಯನವಿದೆ. ಒಬ್ಬ ಮಾರ್ಗದರ್ಶಿ ವಿಠಲನ ಗುಡಿಯ ಕಲ್ಲಿನ ರಥದ ಮುಂದೆ ನಿಂತು ನಾಲ್ಕು ಕಟ್ಟುಕಥೆ ಹೇಳಬಹುದು. ಇನ್ನೊಬ್ಬ, ಆ ರಥ ಒಂದೇ ಬಂಡೆಯದಲ್ಲ, ಹಲವು ಕಲ್ಲುಗಳನ್ನು ಸಂದು ಕಾಣದಂತೆ ಜೋಡಿಸಿದ್ದು ಎಂದು ಬೆರಳಿಟ್ಟು ತೋರಿಸಬಹುದು. ಪ್ರವಾಸಿ ಯಾರನ್ನು ನೆನಪಿಟ್ಟುಕೊಳ್ಳುತ್ತಾನೆ? ಎರಡನೆಯವನ ಮಾತಿನ ಹಿಂದೆ ಓದು ಇದೆ. ಆ ಓದು ಅವನ ಸಂಪಾದನೆಗೂ ನೇರವಾಗಿ ಸಂಬಂಧಪಟ್ಟದ್ದು.

ಕಂಪ್ಲಿಯದು ನೀರು ಮತ್ತು ಭತ್ತದ ಕಥೆ. ಹೊಳೆದಂಡೆಯ ಈ ಊರಿನಲ್ಲಿ ಒಕ್ಕಲುತನವೇ ದೊಡ್ಡ ಉದ್ಯೋಗ. ‘ಒಕ್ಕಲುತನಕ್ಕೆ ಯಾವ ಕೋರ್ಸು?’ ಎಂದು ನಗುವವರಿದ್ದಾರೆ. ಆದರೆ ನಾಟಿ ಯಂತ್ರ, ಕಟಾವಿನ ಯಂತ್ರ, ಪಂಪ್‌ಸೆಟ್, ಅಕ್ಕಿ ಗಿರಣಿ ಇವನ್ನೆಲ್ಲ ನಡೆಸುವವರು, ದುರಸ್ತಿ ಮಾಡುವವರು ಬೇಡವೇ? ಸುಗ್ಗಿಯ ಹೊತ್ತಿನಲ್ಲಿ ಕಟಾವಿನ ಯಂತ್ರ ಕೆಟ್ಟು ಎರಡು ದಿನ ನಿಂತರೆ, ಮೂರನೆಯ ದಿನ ಮಳೆ ಬಂದರೆ ಆಗುವ ನಷ್ಟವನ್ನು ರೈತನನ್ನೇ ಕೇಳಬೇಕು.

ಕಂಪ್ಲಿಯಂಥ ಊರಿಗೆ ಹೇಳಿಮಾಡಿಸಿದ ಇನ್ನೊಂದು ಕೋರ್ಸಿನ ಬಗ್ಗೆ ವಿಶೇಷವಾಗಿ ಹೇಳಬೇಕು. ಗೊಬ್ಬರ, ಬೀಜ, ಕೀಟನಾಶಕ ಮಾರುವ ಅಂಗಡಿಯವರಿಗಾಗಿ ಹೈದರಾಬಾದಿನ ರಾಷ್ಟ್ರೀಯ ಕೃಷಿ ವಿಸ್ತರಣಾ ನಿರ್ವಹಣಾ ಸಂಸ್ಥೆ 2003ರಲ್ಲಿ ಒಂದು ವರ್ಷದ ಡಿಪ್ಲೊಮಾ ಆರಂಭಿಸಿತು. ವಾರಕ್ಕೊಂದು ದಿನ ತರಗತಿ, ನಡುನಡುವೆ ಹೊಲಗಳಿಗೆ ಭೇಟಿ. ಅಂಗಡಿ ಮುಚ್ಚಬೇಕಾಗಿಲ್ಲ, ಊರು ಬಿಡಬೇಕಾಗಿಲ್ಲ. ಇದರಿಂದ ಲಾಭ ಯಾರಿಗೆ? ಎಲೆ ಹಳದಿಯಾದ ಪೈರನ್ನು ಕಿತ್ತುಕೊಂಡು ರೈತ ಮೊದಲು ಓಡುವುದು ಗೊಬ್ಬರದ ಅಂಗಡಿಗೇ. ಅಂಗಡಿಯವನಿಗೆ ರೋಗ ಯಾವುದು, ಪೋಷಕಾಂಶದ ಕೊರತೆ ಯಾವುದು ಎಂಬ ತಿಳಿವಿದ್ದರೆ ಅನಗತ್ಯ ಔಷಧಿಯ ಖರ್ಚು ಉಳಿಯುತ್ತದೆ, ಹೊಲವೂ ಉಳಿಯುತ್ತದೆ. ವಯಸ್ಸು ಮೀರಿದ, ಸಂಸಾರಸ್ಥ, ದುಡಿಯುತ್ತಿರುವ ವ್ಯಕ್ತಿಗೂ ಕಲಿಕೆಯನ್ನು ಹೇಗೆ ಹೊಂದಿಸಬಹುದು ಎಂಬುದಕ್ಕೆ ಇದೊಂದು ಮಾದರಿ.

ಓದುಗರೇ, ಇಷ್ಟೊಂದು ಬಾಗಿಲುಗಳಿದ್ದೂ ಆ ತಗ್ಗಿದ ದನಿ ಏಕೆ ಉಳಿದಿದೆ? ಸ್ವಲ್ಪ ಹಿಂದಕ್ಕೆ ಹೋಗಬೇಕು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯು ಹೈಯರ್ ಸೆಕೆಂಡರಿ ಹಂತದ ಶೇಕಡಾ 10ರಷ್ಟು ವಿದ್ಯಾರ್ಥಿಗಳನ್ನು 1990ರೊಳಗೆ, ಶೇಕಡಾ 25ರಷ್ಟನ್ನು 1995ರೊಳಗೆ ವೃತ್ತಿ ಶಿಕ್ಷಣಕ್ಕೆ ತರಬೇಕೆಂದು ಗುರಿ ಹಾಕಿಕೊಂಡಿತ್ತು. ಆ ಗುರಿ ಮುಟ್ಟಲಿಲ್ಲ. 1992ರಲ್ಲಿ ಗಡುವನ್ನು ಮುಂದೂಡಲಾಯಿತು. ಆಗಲೂ ಮುಟ್ಟಲಿಲ್ಲ. ನಮ್ಮ ರಾಜ್ಯದಲ್ಲಿ ಪಿ.ಯು. ಹಂತದ ಉದ್ಯೋಗಾಧಾರಿತ ಡಿಪ್ಲೊಮಾಗಳು, ಜನರ ಬಾಯಲ್ಲಿ ‘ಜೆ.ಓ.ಸಿ.’, ಮೂರು ದಶಕಗಳಿಗೂ ಹೆಚ್ಚು ಕಾಲ ನಡೆದು ಕಡೆಗೆ ನಿಂತುಹೋದವು. ವೃತ್ತಿಯ ಕೋರ್ಸು ಹಿಡಿದವನಿಗೆ ಮೇಲಕ್ಕೆ ಹತ್ತುವ ಮೆಟ್ಟಿಲು ಸ್ಪಷ್ಟವಾಗಿ ಕಾಣದಿದ್ದರೆ ತಂದೆ ತಾಯಿಗಳು ಅದನ್ನು ಕೊನೆಯ ಆಯ್ಕೆಯೆಂದೇ ತಿಳಿಯುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಮುಂದೆ ದಾರಿಯಿಲ್ಲದ ಓಣಿಗೆ ಯಾರು ತಾನೇ ಮಗನನ್ನು ಕಳಿಸುತ್ತಾರೆ?

ದೂರದರ್ಶನದ ಕಾರ್ಯಕ್ರಮ ತಯಾರಿಸುವವರಿಗೆ ಈ ವಿಷಯ ದಿನನಿತ್ಯದ ಅನುಭವ. ಒಂದು ಅರ್ಧ ಗಂಟೆಯ ಕಾರ್ಯಕ್ರಮಕ್ಕೆ ವಿಷಯ ಸಂಗ್ರಹಿಸುವ ಎಂ.ಎ. ಬೇಕು, ಸೆಟ್ಟು ಕಟ್ಟುವ ಬಡಗಿ ಬೇಕು, ದೀಪದ ಎಲೆಕ್ಟ್ರಿಷಿಯನ್ ಬೇಕು. ಒಂದು ಕಿಲೋವಾಟಿನ ಹತ್ತು ದೀಪಗಳನ್ನು 230 ವೋಲ್ಟಿನ ಒಂದೇ ತಂತಿಗೆ ಕೊಟ್ಟರೆ ಅದರಲ್ಲಿ ಹರಿಯುವ ವಿದ್ಯುತ್ತು 43 ಆಂಪಿಯರಿಗೂ ಹೆಚ್ಚು. ಈ ಭಾಗಾಕಾರ ಗೊತ್ತಿರುವ ಎಲೆಕ್ಟ್ರಿಷಿಯನ್ ತಂತಿಯ ದಪ್ಪವನ್ನು ಮೊದಲೇ ಆರಿಸುತ್ತಾನೆ. ಗೊತ್ತಿಲ್ಲದವನಿಗೆ ತಂತಿ ಸುಟ್ಟ ವಾಸನೆ ಬಂದಮೇಲೆ ತಿಳಿಯುತ್ತದೆ. ಕೈಕೆಲಸದೊಳಗೆ ಓದು ಎಷ್ಟು ಅಡಗಿದೆ ಎಂಬುದಕ್ಕೆ ಇಷ್ಟು ಸಾಕು.

ಹಾಗಾದರೆ ಕೋರ್ಸನ್ನು ಆರಿಸುವುದು ಹೇಗೆ? ನಾಲ್ಕು ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಸಂಸ್ಥೆಯ ಬಾಗಿಲಿಗೆ ಹೋಗಿ.

ಒಂದು: ಈ ಪ್ರಮಾಣಪತ್ರಕ್ಕೆ ಯಾರ ಮಾನ್ಯತೆ ಇದೆ? ಐ.ಟಿ.ಐ. ಆದರೆ ರಾಷ್ಟ್ರೀಯ ಅಥವಾ ರಾಜ್ಯ ಮಟ್ಟದ ವೃತ್ತಿ ತರಬೇತಿ ಮಂಡಳಿಯ, ಡಿಪ್ಲೊಮಾ ಆದರೆ ತಾಂತ್ರಿಕ ಶಿಕ್ಷಣ ಪರಿಷತ್ತಿನ, ಪದವಿಯಾದರೆ ವಿಶ್ವವಿದ್ಯಾಲಯದ ಮಾನ್ಯತೆಯನ್ನು ಕಾಗದದಲ್ಲಿ ನೋಡಿ. ಬಾಯಿಮಾತು ಬೇಡ.

ಎರಡು: ಇಲ್ಲಿಂದ ಮುಂದಿನ ಮೆಟ್ಟಿಲು ಯಾವುದು? ಐ.ಟಿ.ಐ. ಮುಗಿಸಿದವರು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಭಾಷೆ ಸೇರಿದಂತೆ ಕೆಲವೇ ವಿಷಯಗಳನ್ನು ಬರೆದು ಹನ್ನೆರಡನೆಯ ತರಗತಿಯ ಪ್ರಮಾಣಪತ್ರ ಪಡೆಯುವ ವ್ಯವಸ್ಥೆ 2016ರಲ್ಲಿ ಬಂದಿತು. ಇಂಥವನ್ನು ಕೇಳಿ ತಿಳಿಯಿರಿ.

ಮೂರು: ಯಂತ್ರದ ಮುಂದೆ ನಿಲ್ಲುವುದು ದಿನಕ್ಕೆ ಎಷ್ಟು ಹೊತ್ತು? ವರ್ಕ್‌ಷಾಪಿನೊಳಗೆ ಹೋಗಿ ನೋಡಿ. ಯಂತ್ರದ ಮೇಲೆ ಎಣ್ಣೆಯಿದ್ದರೆ ಅದು ಓಡುತ್ತಿದೆ, ಧೂಳಿದ್ದರೆ ಓಡುತ್ತಿಲ್ಲ. ಹಿರಿಯ ವಿದ್ಯಾರ್ಥಿಯೊಬ್ಬನನ್ನು ಮಾತನಾಡಿಸಿ.

ನಾಲ್ಕು: ಕಲಿಕೆಯ ಜೊತೆಗೆ ಕಾರ್ಖಾನೆಯ ಅನುಭವ ದೊರೆಯುತ್ತದೆಯೇ? 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ತರಬೇತಿ ಪಡೆದವರಿಗೆ ಭತ್ಯದೊಡನೆ ಕಾರ್ಖಾನೆಗಳಲ್ಲಿ ಕಲಿಯುವ ಅವಕಾಶವಿದೆ. ಅದಕ್ಕೆ ಸಂಸ್ಥೆ ನೆರವಾಗುತ್ತದೆಯೇ ಎಂದು ವಿಚಾರಿಸಿ.

ಹೆಣ್ಣುಮಕ್ಕಳ ತಂದೆ ತಾಯಿಗಳಿಗೆ ಒಂದು ಮಾತು. ಹೊಲಿಗೆ ಮತ್ತು ಟೈಪಿಂಗ್ ಮಾತ್ರ ಹುಡುಗಿಯರ ಕೋರ್ಸುಗಳು ಎಂಬ ನಂಬಿಕೆ ಹಳೆಯದು. ಎಲೆಕ್ಟ್ರಾನಿಕ್ಸ್, ಪ್ರಯೋಗಾಲಯ ತಂತ್ರಜ್ಞಾನ, ಯಂತ್ರ ವಿನ್ಯಾಸ, ಖನಿಜ ಪರೀಕ್ಷೆಗಳಲ್ಲಿ ತೋಳಿನ ಬಲಕ್ಕಿಂತ ಗಮನದ ಬಲ ಮುಖ್ಯ. ಎಸ್.ಎಸ್.ಎಲ್.ಸಿ.ಯಲ್ಲಿ ಅನುತ್ತೀರ್ಣರಾದವರಿಗೂ ಒಂದು ಮಾತು. 2024ರಿಂದ ನಮ್ಮ ರಾಜ್ಯದಲ್ಲಿ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ವ್ಯವಸ್ಥೆ ಜಾರಿಗೆ ಬಂದಿದೆ. ಒಂದು ಪರೀಕ್ಷೆ ಕೈಕೊಟ್ಟಿತೆಂದು ಇಟ್ಟಿಗೆ ಭಟ್ಟಿಗೋ ಲಾರಿಯ ಕ್ಲೀನರ್ ಕೆಲಸಕ್ಕೋ ಆತುರದಲ್ಲಿ ಹೋಗಬೇಡಿ. ಆರು ತಿಂಗಳ ತಾಳ್ಮೆ ಮುಂದಿನ ಮೂವತ್ತು ವರ್ಷಗಳನ್ನು ಬದಲಿಸಬಲ್ಲದು.

ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಲ್ಲಿ ಕೊನೆಯದಾಗಿ ಒಂದು ವಿನಂತಿ. ಹತ್ತನೆಯ ತರಗತಿಯ ಮಕ್ಕಳನ್ನು ವರ್ಷಕ್ಕೊಂದು ದಿನ ಹಂಪಿಯ ಪ್ರವಾಸಕ್ಕೆ ಕರೆದೊಯ್ಯುತ್ತೀರಿ. ಇನ್ನೊಂದು ದಿನ ಒಂದು ಐ.ಟಿ.ಐ., ಒಂದು ಪಾಲಿಟೆಕ್ನಿಕ್, ಒಂದು ಪದವಿ ಕಾಲೇಜನ್ನು ತೋರಿಸಿಕೊಂಡು ಬನ್ನಿ. ಮೂರೂ ಕಡೆ ಮಕ್ಕಳು ಕಣ್ಣಾರೆ ನೋಡಲಿ, ಪ್ರಶ್ನೆ ಕೇಳಲಿ. ಶಾಲೆಯ ಗೋಡೆಯ ಮೇಲೆ ಈ ಕೋರ್ಸಿನಿಂದ ಆ ಕೋರ್ಸಿಗೆ ಹೋಗುವ ದಾರಿಯ ಒಂದು ನಕ್ಷೆ ಬರೆಸಿ. ಸುಣ್ಣ ಬಣ್ಣದ ಖರ್ಚಿಗಿಂತ ಹೆಚ್ಚು ಬೀಳದು. ಆ ನಕ್ಷೆಯ ಮುಂದೆ ನಿಂತ ಮಗುವಿಗೆ ತನ್ನ ಅಂಕ ಎಷ್ಟೇ ಇರಲಿ, ಅಲ್ಲಿಂದ ಹೊರಡುವ ಗೆರೆಯೊಂದು ಕಂಡರೆ ಸಾಕು. ಉಳಿದ ದಾರಿಯನ್ನು ಅದೇ ನಡೆದುಕೊಂಡು ಹೋಗುತ್ತದೆ.